ಹಳೇಕೋಟೆಯಿಂದ ಸ್ಯಾನ್ ಫ್ರಾನ್ಸಿಸ್ಕೊ: ದೂರವೂ ಹೊತ್ತೂ

ಎರಡು ಊರುಗಳ ನಡುವಿನ ದೂರವೆಂಬುದು ಒಮ್ಮೆ ಅಳೆದು ಬರೆದಿಟ್ಟರೆ ಮುಗಿಯಿತೆಂಬ ಭಾವನೆ ವ್ಯಾಪಕವಾಗಿದ್ದರೂ, ವಿಮಾನಯಾನದ ಮಟ್ಟಿಗೆ ಅದು ಅರ್ಧ ಮಾತ್ರ ನಿಜವಾಗಿದೆ. ಏಕೆಂದರೆ ಅದೇ ಎರಡು ಊರುಗಳ ನಡುವೆ ಹೋಗುವಾಗಿನ ದಾರಿ ಬರುವಾಗ ಇರುವುದಿಲ್ಲ, ದಾರಿ ಉದ್ದವಾದಾಗ ಹೊತ್ತು ಕಡಿಮೆಯಾಗುವ ಸಂದರ್ಭಗಳೂ ಉಂಟು. ಹೊಳೆನರಸೀಪುರ ತಾಲ್ಲೂಕಿನ ಹಳೇಕೋಟೆ ಹೋಬಳಿಯಿಂದ, ಹಾಗೆಯೇ ಅರಕಲಗೂಡು, ಚನ್ನರಾಯಪಟ್ಟಣಗಳ ಕಡೆಯಿಂದ, ಎಂಜಿನಿಯರಿಂಗ್ ಓದಿ ಕ್ಯಾಲಿಫೋರ್ನಿಯ ಸೇರಿದ ಮಕ್ಕಳ ಮನೆಗೆ ಬಾಣಂತನಕ್ಕೆಂದೋ ಮೊಮ್ಮಕ್ಕಳನ್ನು ನೋಡಲೆಂದೋ ಹೊರಡುವ ತಂದೆತಾಯಿಯರಿಗೆ ಇದು ಬರಿಯ ಪಠ್ಯಪುಸ್ತಕದ ವಿಷಯವಾಗಿ ಉಳಿದಿಲ್ಲ. ಕೆಳಗಿನ ಸಂವಾದದಲ್ಲಿ ಒಬ್ಬರು ಆ ಹೋಬಳಿಯ ಕೃಷಿಕರು. ಇನ್ನೊಬ್ಬರು ಪ್ರೌಢಶಾಲೆಯಲ್ಲಿ ಭೂಗೋಳ ಕಲಿಸಿ ನಿವೃತ್ತರಾದ ಅಧ್ಯಾಪಕರು.

ಕೃಷಿಕ: ಮೇಷ್ಟ್ರೇ, ಬೆಂಗಳೂರಿನಿಂದ ಸ್ಯಾನ್ ಫ್ರಾನ್ಸಿಸ್ಕೊಗೆ ಎಷ್ಟು ದೂರವೆಂದು ವಿಚಾರಿಸಿದರೆ ಅಳಿಯಂದಿರು 8,700 ಮೈಲಿ ಎನ್ನುತ್ತಾರೆ, ಮಗ 7,550 ಮೈಲಿ ಎನ್ನುತ್ತಾನೆ, ಪತ್ರಿಕೆಯಲ್ಲಿ 14,000 ಎಂದು ಅಚ್ಚಾಗಿರುತ್ತದೆ. ಯಾವುದನ್ನು ನಂಬಬೇಕು?

ಅಧ್ಯಾಪಕ: ಮೂರೂ ಒಂದೇ ದೂರ, ಗೌಡರೇ; ಅಳತೆಗೋಲು ಮಾತ್ರ ಬೇರೆ. ಅಳಿಯಂದಿರು ಹೇಳಿದ್ದು ಅಮೆರಿಕದ ರಸ್ತೆಗಳಲ್ಲಿ ಬಳಸುವ, 1.609 ಕಿ.ಮೀ. ಉದ್ದದ ನೆಲದ ಮೈಲಿ. ಮಗ ಹೇಳಿದ್ದು ಹಡಗಿನವರಿಂದ ವಿಮಾನದವರಿಗೆ ಬಂದ ನಾಟಿಕಲ್ ಮೈಲಿ. ಅದರ ಉದ್ದ 1.852 ಕಿ.ಮೀ. ಭೂಮಿಯ ಮೇಲಿನ ಒಂದು ಡಿಗ್ರಿ ಅಕ್ಷಾಂಶವನ್ನು, ಎಂದರೆ ಸಮಭಾಜಕ ವೃತ್ತದಿಂದ ಉತ್ತರಕ್ಕೋ ದಕ್ಷಿಣಕ್ಕೋ ಎಣಿಸುವ ಕೋನವನ್ನು, ಅರವತ್ತು ಪಾಲು ಮಾಡಿದರೆ ಒಂದು ಪಾಲಿಗೆ ಸಿಗುವ ನೆಲವೇ ಅಷ್ಟು. ಕಿಲೋಮೀಟರಿನಲ್ಲಿ ಹೇಳುವುದಾದರೆ ದೇವನಹಳ್ಳಿಯ ವಿಮಾನ ನಿಲ್ದಾಣದಿಂದ ಸ್ಯಾನ್ ಫ್ರಾನ್ಸಿಸ್ಕೊದ ನಿಲ್ದಾಣಕ್ಕೆ ಸುಮಾರು 13,990.

ಕೃಷಿಕ: ಶಾಲೆಯ ಗೋಡೆಯ ಮೇಲಿನ ಭೂಪಟದಲ್ಲಿ ಭಾರತ ಬಲಕ್ಕೂ ಅಮೆರಿಕ ಎಡಕ್ಕೂ ಇರುತ್ತಿತ್ತು, ಅಡ್ಡಪಟ್ಟಿ ಇಟ್ಟು ಗೆರೆ ಎಳೆದರೆ ಅರಬ್ಬೀ ಸಮುದ್ರ, ಆಫ್ರಿಕಾದ ಮರಳುಗಾಡು, ಅಟ್ಲಾಂಟಿಕ್ ಸಾಗರ ದಾಟಿಯೇ ಹೋಗಬೇಕು. ಆ ಗೆರೆಯ ಉದ್ದವೇ ಇದು?

ಅಧ್ಯಾಪಕ: ಆ ಗೆರೆಯ ಮೇಲೆ ವಿಮಾನ ಹೋದರೆ ಸುಮಾರು 20,000 ಕಿ.ಮೀ. ಹಾರಬೇಕಾದೀತು. ಆ ಬಗೆಯ ಭೂಪಟವನ್ನು 1569ರಲ್ಲಿ ಗೆರಾರ್ಡಸ್ ಮರ್ಕೇಟರ್ ರೂಪಿಸಿದ್ದು, ದಿಕ್ಸೂಚಿಯ ಮುಳ್ಳನ್ನು ಒಂದೇ ಕೋನದಲ್ಲಿ ಹಿಡಿದು ಸಾಗುವ ಹಡಗಿಗೆ ಅನುಕೂಲವಾಗಲೆಂದು; ಅದರಲ್ಲಿ ದಿಕ್ಕು ಸರಿಯಾಗಿರುತ್ತದೆ, ಉದ್ದಳತೆ ಕೆಡುತ್ತದೆ, ಧ್ರುವಗಳತ್ತ ಹೋದಂತೆ ನೆಲ ಹಿಗ್ಗುತ್ತ ಹೋಗುತ್ತದೆ. ಗೋಳದ ಮೇಲಿನ ನಿಜವಾದ ಹತ್ತಿರದ ದಾರಿಗೆ ಮಹಾವೃತ್ತದ ದಾರಿ ಎಂದು ಹೆಸರು. ಗೋಳದ ಕೇಂದ್ರದ ಮೂಲಕ ಹಾಯುವಂತೆ ಅದನ್ನು ಸರಿಯಾಗಿ ಎರಡು ಹೋಳು ಮಾಡಿದಾಗ ಮೇಲ್ಮೈಯಲ್ಲಿ ಮೂಡುವ ಸುತ್ತೇ ಮಹಾವೃತ್ತ. ಶಾಲೆಯ ಗೋಳವೊಂದರ ಮೇಲೆ ಬೆಂಗಳೂರಿನಿಂದ ಸ್ಯಾನ್ ಫ್ರಾನ್ಸಿಸ್ಕೊಗೆ ದಾರವನ್ನು ಬಿಗಿಯಾಗಿ ಎಳೆದು ಹಿಡಿದರೆ, ಅದು ಪಶ್ಚಿಮಕ್ಕೂ ಹೋಗುವುದಿಲ್ಲ, ನೇರ ಪೂರ್ವಕ್ಕೂ ಹೋಗುವುದಿಲ್ಲ. ಉತ್ತರಕ್ಕೆ ಮುಖಮಾಡಿ ಇಪ್ಪತ್ತು ಡಿಗ್ರಿಯಷ್ಟೇ ಪೂರ್ವಕ್ಕೆ ವಾಲಿ, ನೇಪಾಳ, ಟಿಬೆಟ್, ಚೀನಾದ ಪಶ್ಚಿಮ ಭಾಗ, ಸೈಬೀರಿಯಗಳನ್ನು ಹಾದು, ಸುಮಾರು 71 ಡಿಗ್ರಿ ಉತ್ತರ ಅಕ್ಷಾಂಶದವರೆಗೆ ಏರಿ, ಅಲಾಸ್ಕದ ಮೇಲಿಂದ ಇಳಿಯುತ್ತದೆ. ನಮ್ಮ ಕಡೆಯವರು ಅಮೆರಿಕವನ್ನು ಪಶ್ಚಿಮದ ದೇಶವೆಂದೇ ಕರೆದರೂ ಅಲ್ಲಿಗೆ ಹತ್ತಿರದ ದಾರಿ ಉತ್ತರ ದಿಕ್ಕಿನದು.

ಕೃಷಿಕ: ಹಾಗಿದ್ದರೆ ವಿಮಾನ ಆ ದಾರದ ಮೇಲೆಯೇ ಹೋಗುತ್ತದೆಯೇ?

ಅಧ್ಯಾಪಕ: ಸಾಮಾನ್ಯವಾಗಿ ಇಲ್ಲ. ಮೊದಲ ಅಡ್ಡಿ ಟಿಬೆಟ್. ವಿಮಾನದೊಳಗಿನ ಗಾಳಿಯ ಒತ್ತಡ ಆಕಸ್ಮಿಕವಾಗಿ ಕುಸಿದರೆ, ಪ್ರಯಾಣಿಕರು ತಾವಾಗಿಯೇ ಉಸಿರಾಡಬಹುದಾದ ಎತ್ತರಕ್ಕೆ, ಎಂದರೆ ಸುಮಾರು 3,000 ಮೀಟರಿಗೆ, ಬೇಗನೆ ಇಳಿಯಬೇಕಾಗುತ್ತದೆ. ಆಸನದ ಮೇಲಿಂದ ಜೋತುಬೀಳುವ ಮುಖವಾಡದಲ್ಲಿ ಆಮ್ಲಜನಕ ಬರುವುದು ಕೆಲವು ನಿಮಿಷಗಳ ಮಟ್ಟಿಗೆ ಮಾತ್ರ. ಟಿಬೆಟ್ಟಿನ ಪ್ರಸ್ಥಭೂಮಿಯ ನೆಲವೇ ಸರಾಸರಿ 4,500 ಮೀಟರಿಗಿಂತ ಎತ್ತರದಲ್ಲಿರುವುದರಿಂದ ಅಲ್ಲಿ ಇಳಿಯುವುದೆಂದರೆ ಬೆಟ್ಟಕ್ಕೆ ಬಡಿಯುವುದೆಂದೇ ಅರ್ಥ. ಆದ್ದರಿಂದ ವಿಮಾನಗಳು ಆ ಭಾಗವನ್ನು ಬಳಸಿಕೊಂಡು ಹೋಗುತ್ತವೆ.

ಕೃಷಿಕ: ಬಳಸಿ ಹೋದರೆ ದೂರವೂ ಹೆಚ್ಚು, ಹೊತ್ತೂ ಹೆಚ್ಚು. ಹಾಸನದ ರೈಲಿನಲ್ಲಿ ಇದನ್ನು ಕಂಡಿದ್ದೇವೆ. ಅರಸೀಕೆರೆಯ ಮೇಲೆ ಸುತ್ತಿ ಬೆಂಗಳೂರಿಗೆ ಹೋಗಬೇಕಾಗಿದ್ದುದು, 2017ರಲ್ಲಿ ಶ್ರವಣಬೆಳಗೊಳ, ಕುಣಿಗಲ್ ಮೂಲಕ ಹೊಸ ಹಳಿ ಬಂದ ಮೇಲೆ ಹತ್ತಿರವಾಯಿತು.

ಅಧ್ಯಾಪಕ: ಹಳಿಯ ಮೇಲೆ ಆ ಲೆಕ್ಕ ಸರಿ. ಆಕಾಶದಲ್ಲಿ ಅದು ತಲೆಕೆಳಗಾಗುವುದಕ್ಕೆ ಒಳ್ಳೆಯ ನಿದರ್ಶನವಿದೆ. ದೆಹಲಿಯಿಂದ ಸ್ಯಾನ್ ಫ್ರಾನ್ಸಿಸ್ಕೊಗೆ ಹೋಗುವ ಏರ್ ಇಂಡಿಯಾ ವಿಮಾನ ಮೊದಲು ಯೂರೋಪು ಮತ್ತು ಅಟ್ಲಾಂಟಿಕ್ ಸಾಗರದ ಮೇಲೆ ಸುಮಾರು 13,900 ಕಿ.ಮೀ. ಹಾರುತ್ತಿತ್ತು, 2016ರ ಅಕ್ಟೋಬರಿನಲ್ಲಿ ಅದು ಪೂರ್ವಕ್ಕೆ ತಿರುಗಿ ಪೆಸಿಫಿಕ್ ಸಾಗರದ ಮೇಲೆ ಸುಮಾರು 15,300 ಕಿ.ಮೀ. ಹಾರಿತು. ದಾರಿ 1,400 ಕಿ.ಮೀ. ಬೆಳೆಯಿತು, ಆದರೆ ಪ್ರಯಾಣ ಹದಿನಾಲ್ಕೂವರೆ ಗಂಟೆಯಲ್ಲೇ ಮುಗಿದು, ಹಳೆಯ ದಾರಿಗಿಂತ ಎರಡು ಗಂಟೆಯ ಆಸುಪಾಸು ಉಳಿಯಿತು. ಭಾಗಿಸಿ ನೋಡಿದರೆ ಗಂಟೆಗೆ 1,055 ಕಿ.ಮೀ. ಸರಾಸರಿ ವೇಗ ಬರುತ್ತದೆ. ಆ ಜಾತಿಯ ವಿಮಾನ ನಿಶ್ಚಲ ಗಾಳಿಯಲ್ಲಿ ಹಾರುವುದು 900ರ ಹತ್ತಿರದ ವೇಗದಲ್ಲಿ. ಉಳಿದದ್ದನ್ನು ಕೊಟ್ಟದ್ದು ಹಿಂದಿನಿಂದ ತಳ್ಳಿದ ಗಾಳಿ.

ಕೃಷಿಕ: ಗಾಳಿ ಇಷ್ಟೊಂದು ತಳ್ಳೀತೇ?

ಅಧ್ಯಾಪಕ: ತುಂಬಿದ ಹೇಮಾವತಿಯಲ್ಲಿ ಹರಿಗೋಲು ಹಾಕುವವನು ಹರಿವಿನ ಜೊತೆಗೆ ಹೋಗುವುದಕ್ಕೂ ಹರಿವಿಗೆ ಎದುರಾಗಿ ಹೋಗುವುದಕ್ಕೂ ಹುಟ್ಟನ್ನು ಒಂದೇ ಬಲದಿಂದ ಹಾಕಿದರೂ ದಡದ ಮೇಲೆ ನಿಂತವನಿಗೆ ವೇಗ ಬೇರೆಯಾಗಿಯೇ ಕಾಣುತ್ತದೆ. ಭೂಮಿಯಿಂದ 9ರಿಂದ 12 ಕಿ.ಮೀ. ಎತ್ತರದಲ್ಲಿ, ವಿಮಾನಗಳು ಹಾರುವ ಪದರದಲ್ಲಿಯೇ, ಪಶ್ಚಿಮದಿಂದ ಪೂರ್ವಕ್ಕೆ ಹರಿಯುವ ಕಿರಿದಾದ, ಬಿರುಸಾದ ಗಾಳಿಯ ಹೊಳೆಗಳಿವೆ. ಅವಕ್ಕೆ ಜೆಟ್ ಸ್ಟ್ರೀಮ್ ಎನ್ನುತ್ತಾರೆ. ಚಳಿಗಾಲದಲ್ಲಿ ಜಪಾನಿನ ಮೇಲೆ ಅವುಗಳ ವೇಗ ಗಂಟೆಗೆ 300 ಕಿ.ಮೀ. ದಾಟುವುದೂ ಉಂಟು. ಇವನ್ನು 1920ರ ದಶಕದಲ್ಲಿ ಬಲೂನು ಹಾರಿಸಿ ಮೊದಲು ಅಳೆದವರು ಜಪಾನಿನ ಹವಾಮಾನ ವಿಜ್ಞಾನಿ ವಾಸಾಬುರೊ ಓಯಿಶಿ. ಹೊರದೇಶದವರಿಗೆ ತಿಳಿಯಲೆಂದು ಅವರು ವರದಿಯನ್ನು ಎಸ್ಪೆರಾಂಟೊ ಎಂಬ ಕೃತಕ ಭಾಷೆಯಲ್ಲಿ ಬರೆದರು; ಅದನ್ನು ಓದಬಲ್ಲವರು ಹೊರದೇಶದಲ್ಲೂ ವಿರಳವಾಗಿದ್ದುದರಿಂದ ಶೋಧ ಬಹುಕಾಲ ಮೂಲೆಗೆ ಬಿದ್ದಿತ್ತು.

ಇಲ್ಲಿ ಕೃಷಿಕರು ಎತ್ತುವ ಸಂದೇಹ ತಪ್ಪಾಗಿದ್ದರೂ ಅನೇಕ ಓದಿದವರೂ ಎತ್ತುವಂಥದೇ ಆಗಿರುವುದರಿಂದ ಅದನ್ನು ಬಿಟ್ಟು ಮುಂದೆ ಹೋಗುವಂತಿಲ್ಲ.

ಕೃಷಿಕ: ಭೂಮಿ ಪೂರ್ವಕ್ಕೆ ತಿರುಗುತ್ತದೆಯಲ್ಲವೇ? ಪಶ್ಚಿಮಕ್ಕೆ ಹೊರಟ ವಿಮಾನದ ಕೆಳಗೆ ಊರೇ ಎದುರು ಬಂದಂತಾಗಿ ಬೇಗ ತಲುಪಬೇಕು. ನೀವು ಹೇಳುವುದು ಇದಕ್ಕೆ ವಿರುದ್ಧವಾಗಿದೆ.

ಅಧ್ಯಾಪಕ: ಭೂಮಿಯ ಜೊತೆಗೆ ಅದನ್ನು ಸುತ್ತುವರಿದ ವಾಯುಮಂಡಲವೂ ತಿರುಗುತ್ತದೆ, ವಿಮಾನ ಆ ಗಾಳಿಯೊಳಗೇ ಇರುತ್ತದೆ. ಹಾಗಿಲ್ಲದಿದ್ದರೆ ಹೊಲದ ಮೇಲೆ ಹಾರಿದ ಕೊಕ್ಕರೆ ಇಳಿಯುವಷ್ಟರಲ್ಲಿ ಹೊಲ ಮುಂದಕ್ಕೆ ಹೋಗಿಬಿಟ್ಟಿರಬೇಕಿತ್ತು. ತಿರುಗುವಿಕೆಯ ಪ್ರಭಾವ ಬೇರೆ ರೀತಿಯಲ್ಲಿದೆ: ಸಮಭಾಜಕದ ಕಡೆಯಿಂದ ಧ್ರುವಗಳತ್ತ ಸಾಗುವ ಬಿಸಿಗಾಳಿಯನ್ನು ಅದು ಪೂರ್ವಕ್ಕೆ ಬಾಗಿಸುತ್ತದೆ, ಜೆಟ್ ಸ್ಟ್ರೀಮ್ ಹುಟ್ಟುವುದಕ್ಕೆ ಅದೂ ಒಂದು ಕಾರಣ. ಆದ್ದರಿಂದ ತಿರುಗುವ ಭೂಮಿ ನೆರವಾಗುವುದು ಪೂರ್ವಕ್ಕೆ ಹೊರಟವರಿಗೆ, ಅದೂ ಗಾಳಿಯ ಮೂಲಕ.

ಕೃಷಿಕ: ಬೆಂಗಳೂರಿನಿಂದಲೇ ನೇರವಾಗಿ, ಎಲ್ಲಿಯೂ ಇಳಿಯದೆ ಹೋಗುವ ವಿಮಾನ ಯಾವಾಗ ಬಂತು?

ಅಧ್ಯಾಪಕ: 2021ರ ಜನವರಿಯಲ್ಲಿ. ಮೊದಲ ಹಾರಾಟ ಸ್ಯಾನ್ ಫ್ರಾನ್ಸಿಸ್ಕೊದಿಂದ ಬೆಂಗಳೂರಿನ ಕಡೆಗೆ ಆಯಿತು. ಕ್ಯಾಪ್ಟನ್ ಜೋಯಾ ಅಗರ್‌ವಾಲ್ ನೇತೃತ್ವದಲ್ಲಿ ಚಾಲಕರೆಲ್ಲರೂ ಮಹಿಳೆಯರೇ ಆಗಿದ್ದ ಆ ಬೋಯಿಂಗ್ 777 ಉತ್ತರ ಧ್ರುವದ ಮೇಲಿನಿಂದ ಹಾರಿ ಸುಮಾರು ಹದಿನೇಳು ಗಂಟೆಯಲ್ಲಿ ದೇವನಹಳ್ಳಿ ತಲುಪಿತು. ಧ್ರುವದ ಮೇಲೆ ಹೋಗುವುದು ಸುತ್ತಿನ ದಾರಿಯೆಂದು ತೋರಬಹುದು, ಆದರೆ ಲೆಕ್ಕ ಸರಳ. ಸ್ಯಾನ್ ಫ್ರಾನ್ಸಿಸ್ಕೊದಿಂದ ಧ್ರುವಕ್ಕೆ 52.4 ಡಿಗ್ರಿ, ಧ್ರುವದಿಂದ ಬೆಂಗಳೂರಿಗೆ 76.8 ಡಿಗ್ರಿ, ಡಿಗ್ರಿಗೆ ಸುಮಾರು 111 ಕಿ.ಮೀ.; ಕೂಡಿಸಿ ಗುಣಿಸಿದರೆ 14,340 ಕಿ.ಮೀ. ಮಹಾವೃತ್ತದ ದಾರಿಗಿಂತ ಹೆಚ್ಚಾಗುವುದು 350 ಕಿ.ಮೀ. ಮಾತ್ರ. ಎರಡೂ ಊರುಗಳು ಭೂಗೋಳದ ಹೆಚ್ಚುಕಡಿಮೆ ಎದುರುಬದುರಿನ ರೇಖಾಂಶಗಳಲ್ಲಿ, ಎಂದರೆ ಧ್ರುವದಿಂದ ಧ್ರುವಕ್ಕೆ ಎಳೆದ ಗೆರೆಗಳಲ್ಲಿ, ಇರುವುದೇ ಇದಕ್ಕೆ ಕಾರಣ. ಎದುರುಗಾಳಿಯ ಕಾಟವೂ ಅಲ್ಲಿ ಕಡಿಮೆ.

ಕೃಷಿಕ: ಹಾಗಿದ್ದರೆ ಎಲ್ಲರೂ ಧ್ರುವದ ಮೇಲೆಯೇ ಹೋಗಬಹುದಿತ್ತು.

ಅಧ್ಯಾಪಕ: ಹೋಗಲು ಬಿಡದ ಸಂಗತಿಗಳೂ ಇವೆ. ರೆಕ್ಕೆಯೊಳಗಿನ ಇಂಧನ ಗಂಟೆಗಟ್ಟಲೆ ಚಳಿಯಲ್ಲಿ ನೆನೆದು ತಣ್ಣಗಾಗುತ್ತದೆ. ಅಮೆರಿಕದಲ್ಲಿ ತುಂಬುವ ಜೆಟ್ ಎ ಎಂಬ ಇಂಧನ ಸೊನ್ನೆಗಿಂತ 40 ಡಿಗ್ರಿ ಕೆಳಗೆ ಗಟ್ಟಿಯಾಗತೊಡಗುತ್ತದೆ, ನಮ್ಮಲ್ಲಿ ತುಂಬುವ ಜೆಟ್ ಎ-1 ಎಂಬುದು 47 ಡಿಗ್ರಿ ಕೆಳಗೆ. ಅದು ಆ ಮಟ್ಟ ಮುಟ್ಟುವ ಮೊದಲೇ ಚಾಲಕರು ಕೆಳಗಿನ, ಬೆಚ್ಚಗಿನ ಪದರಕ್ಕೆ ಇಳಿಯಬೇಕು, ಇಲ್ಲವೇ ವೇಗ ಹೆಚ್ಚಿಸಬೇಕು. ಆಕಸ್ಮಿಕವಾಗಿ ಇಳಿಯಬೇಕಾದರೆ ನಿಲ್ದಾಣಗಳೂ ವಿರಳ. ಇನ್ನೊಂದು ಸಂಗತಿ ಹಾಸನದವರಿಗೆ ಹತ್ತಿರದ್ದು. ಹಾಸನದಲ್ಲಿ 1982ರಿಂದ ಕೆಲಸ ಮಾಡುತ್ತಿರುವ ಇಸ್ರೊದ ಮುಖ್ಯ ನಿಯಂತ್ರಣ ಕೇಂದ್ರ, ಜನರ ಬಾಯಲ್ಲಿ ಎಂ.ಸಿ.ಎಫ್., ನೋಡಿಕೊಳ್ಳುವ ಭೂಸ್ಥಿರ ಉಪಗ್ರಹಗಳು ಸಮಭಾಜಕದ ನೆತ್ತಿಯ ಮೇಲೆ 35,786 ಕಿ.ಮೀ. ಎತ್ತರದಲ್ಲಿ ಭೂಮಿಯಷ್ಟೇ ವೇಗವಾಗಿ ಸುತ್ತುತ್ತ, ನೆಲದಿಂದ ನೋಡುವವರಿಗೆ ಒಂದೇ ಕಡೆ ನಿಂತಂತೆ ಇರುತ್ತವೆ. ಸುಮಾರು 81 ಡಿಗ್ರಿ ಅಕ್ಷಾಂಶ ದಾಟಿದರೆ ಈ ಬಗೆಯ ಉಪಗ್ರಹಗಳು ಕ್ಷಿತಿಜದ ಕೆಳಗೆ ಮರೆಯಾಗುತ್ತವೆ. ಅವನ್ನೇ ನೆಚ್ಚಿದ ವಿಮಾನಕ್ಕೆ ಧ್ರುವದ ಹತ್ತಿರ ಉಳಿಯುವುದು ಹಳೆಯ ಕಾಲದ ಹ್ರಸ್ವತರಂಗದ ರೇಡಿಯೊ.

ಕೃಷಿಕ: ಯುದ್ಧದಿಂದ ದಾರಿ ಮುಚ್ಚಿತೆಂದೂ ಓದಿದ ನೆನಪು.

ಅಧ್ಯಾಪಕ: 2022ರಲ್ಲಿ ರಷ್ಯಾ ಉಕ್ರೇನಿನ ಮೇಲೆ ನುಗ್ಗಿದ ಮೇಲೆ ಅಮೆರಿಕದ ಕಂಪನಿಗಳಿಗೆ ರಷ್ಯಾದ ಆಕಾಶ ಮುಚ್ಚಿತು. ಸ್ಯಾನ್ ಫ್ರಾನ್ಸಿಸ್ಕೊದಿಂದ ಬೆಂಗಳೂರಿಗೆ ಹಾರುವುದಾಗಿ ಯುನೈಟೆಡ್ ಏರ್‌ಲೈನ್ಸ್ ಪ್ರಕಟಿಸಿತ್ತು. ಆ ಯೋಜನೆ ನಿಂತುಹೋಯಿತು. ಭಾರತದ ಕಂಪನಿಗೆ ಆ ನಿರ್ಬಂಧವಿರಲಿಲ್ಲ. ಆದರೆ 2025ರ ಏಪ್ರಿಲಿನಲ್ಲಿ ಪಾಕಿಸ್ತಾನ ತನ್ನ ಆಕಾಶವನ್ನು ಭಾರತೀಯ ವಿಮಾನಗಳಿಗೆ ಮುಚ್ಚಿದಾಗ ಪಶ್ಚಿಮದ ಕಡೆ ಹೊರಟ ನಮ್ಮ ವಿಮಾನಗಳೇ ಸುತ್ತಬೇಕಾಯಿತು. ಊರುಗಳು ಇದ್ದಲ್ಲೇ ಇದ್ದವು. ಟಿಕೆಟ್ಟಿನ ಮೇಲೆ ಅಚ್ಚಾಗುವ ಗಂಟೆ ಮಾತ್ರ ಬೆಳೆಯಿತು.

ಕೃಷಿಕ: ನಮ್ಮ ಗೊರೂರು ರಾಮಸ್ವಾಮಿ ಅಯ್ಯಂಗಾರರೂ ಅಮೆರಿಕಕ್ಕೆ ಹೋಗಿಬಂದು ಪುಸ್ತಕ ಬರೆದವರು. ಅವರ ಕಾಲದ ವಿಮಾನಗಳು ನಿಧಾನವಾಗಿದ್ದವೇ?

ಅಧ್ಯಾಪಕ: ಇಲ್ಲಿಯೇ ಜನರ ಊಹೆ ತಪ್ಪುವುದು. ‘ಅಮೆರಿಕದಲ್ಲಿ ಗೊರೂರು’ ಕೃತಿಗೆ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದದ್ದು 1980ರಲ್ಲಿ. ಅದಕ್ಕೂ ಇಪ್ಪತ್ತು ವರ್ಷ ಮೊದಲೇ, 1960ರಲ್ಲಿ, ಏರ್ ಇಂಡಿಯಾ ಬೋಯಿಂಗ್ 707 ಜೆಟ್ ವಿಮಾನಗಳನ್ನು ಲಂಡನ್ ಮಾರ್ಗವಾಗಿ ನ್ಯೂಯಾರ್ಕಿಗೆ ಓಡಿಸತೊಡಗಿತ್ತು. ಅವುಗಳ ವೇಗಕ್ಕೂ ಇಂದಿನ 777ರ ವೇಗಕ್ಕೂ ಹೇಳಿಕೊಳ್ಳುವಂಥ ಅಂತರವಿಲ್ಲ. ಶಬ್ದಕ್ಕಿಂತ ಜೋರಾಗಿ ಹಾರುತ್ತಿದ್ದ ಕಾಂಕಾರ್ಡ್ ಕೂಡ 1976ರಲ್ಲಿ ಪ್ರಯಾಣಿಕ ಸೇವೆಗೆ ಇಳಿದು 2003ರಲ್ಲಿ ನಿಂತಿತು. ಅಲ್ಲಿಂದ ಇಲ್ಲಿಗೆ ಕಡಿಮೆಯಾದದ್ದು ನಡುವಿನ ನಿಲುಗಡೆ. ಸುಮಾರು 1,81,000 ಲೀಟರ್ ಇಂಧನ ತುಂಬಿಕೊಳ್ಳಬಲ್ಲ 777-200 ಎಲ್‌ಆರ್‌ನಂಥ ವಿಮಾನ, ಕಡಿಮೆ ಕುಡಿದು ಹೆಚ್ಚು ನೂಕುವ ಎಂಜಿನ್, ಇವೆರಡೂ ಕೂಡಿ ಬಂದ ಮೇಲೆಯೇ ಇಷ್ಟು ದೂರವನ್ನು ಒಂದೇ ಉಸಿರಿಗೆ ಹಾರುವುದು ಸಾಧ್ಯವಾಯಿತು. ಇಂಧನವನ್ನು ಹೊರುವುದಕ್ಕೇ ಇಂಧನ ಸುಡಬೇಕಾದ್ದರಿಂದ ಇದು ಅಗ್ಗದ ಸಾಹಸವೇನೂ ಅಲ್ಲ.

ಕೃಷಿಕ: ಆಕಾಶದ ಲೆಕ್ಕವಾಯಿತು. ಹಳೇಕೋಟೆಯಿಂದ ದೇವನಹಳ್ಳಿಗೆ ಹೋಗುವ ಲೆಕ್ಕವನ್ನು ಯಾರೂ ಹಿಡಿಯುವುದಿಲ್ಲವಲ್ಲ?

ಈ ಪ್ರಶ್ನೆಯ ಮುಂದೆ ವಿಮಾನ ಕಂಪನಿಗಳ ಅಂಕಿಗಳೆಲ್ಲ ಅಪೂರ್ಣವೆನಿಸುವುದು ಸಹಜ. ಕಂಪನಿಗಳು ಟಿಕೆಟ್ಟಿನಲ್ಲಿ ಕೊಡುವುದು ಬ್ಲಾಕ್ ಟೈಮ್, ಎಂದರೆ ವಿಮಾನ ತಾನು ನಿಂತ ಜಾಗದಿಂದ ಕದಲಿದ ಕ್ಷಣದಿಂದ ಇನ್ನೊಂದು ನಿಲ್ದಾಣದಲ್ಲಿ ಬಂದು ನಿಂತ ಕ್ಷಣದವರೆಗಿನ ಹೊತ್ತು. ಮನೆಯ ಹೊಸ್ತಿಲು ಆ ಲೆಕ್ಕದಲ್ಲಿ ಬರುವುದಿಲ್ಲ.

ಅಧ್ಯಾಪಕ: ಹೊಳೆನರಸೀಪುರ, ಚನ್ನರಾಯಪಟ್ಟಣ ದಾಟಿ ರಾಷ್ಟ್ರೀಯ ಹೆದ್ದಾರಿ 75 ಹಿಡಿದು, ಕುಣಿಗಲ್, ನೆಲಮಂಗಲದ ದಟ್ಟಣೆಯನ್ನು ಕಳೆದು ದೇವನಹಳ್ಳಿ ಸೇರುವುದಕ್ಕೆ 200 ಕಿ.ಮೀ.ಗೆ ಮೇಲಾಗುತ್ತದೆ, ನಾಲ್ಕೂವರೆ ಗಂಟೆಯಾದರೂ ಬೇಕು. ಅಲ್ಲಿ ಮೂರು ಗಂಟೆ ಮುಂಚೆ ಹಾಜರಿರಬೇಕು. ವಿಮಾನದ ಹದಿನಾರೂವರೆ ಗಂಟೆಯನ್ನು ಸೇರಿಸಿದರೆ ಒಟ್ಟು ಇಪ್ಪತ್ತನಾಲ್ಕು ಗಂಟೆ. ಅದರಲ್ಲಿ ಮೂರನೆಯ ಒಂದು ಪಾಲಿನ ಸಮೀಪದ ಹೊತ್ತು, ಒಟ್ಟು ದೂರದಲ್ಲಿ ನೂರಕ್ಕೆ ಒಂದೂವರೆಯಷ್ಟಿರುವ ನೆಲದ ತುಂಡಿಗೇ ಹೋಗುತ್ತದೆ. ಅರಕಲಗೂಡಿನವರಿಗೆ ಇನ್ನೂ ಹೆಚ್ಚು.

ಕೃಷಿಕ: ಹಾಸನದ ಬೂವನಹಳ್ಳಿಯ ವಿಮಾನ ನಿಲ್ದಾಣ ಪೂರ್ತಿಯಾದರೆ ಈ ತಾಪತ್ರಯ ತಪ್ಪೀತೇ? ಗೊರೂರಿನ ಕ್ಯಾಪ್ಟನ್ ಗೋಪಿನಾಥ್ ಅವರೇ 2003ರಲ್ಲಿ ಏರ್ ಡೆಕ್ಕನ್ ಕಟ್ಟಿ ಸಣ್ಣ ಊರುಗಳಿಗೆ ವಿಮಾನ ಹಾರಿಸಿದರಲ್ಲ.

ಅಧ್ಯಾಪಕ: ದಶಕಗಳಿಂದ ಮಾತಿನಲ್ಲಿರುವ ಆ ನಿಲ್ದಾಣದಿಂದ ಮುಂಬೈಗೋ ದೆಹಲಿಗೋ ಹೋಗುವವರಿಗೆ ಉಪಯೋಗವಾದೀತು. ಬೆಂಗಳೂರಿಗೆ ಮಾತ್ರ ಹಾರುವುದಾದರೆ, ಹಾಸನದಲ್ಲಿಯೂ ಮುಂಚೆ ಹೋಗಿ ಕಾಯಬೇಕು, ಬೆಂಗಳೂರಿನಲ್ಲಿಯೂ ಇಳಿದು ಕಾಯಬೇಕು. ಕಾರಿನ ನಾಲ್ಕೂವರೆ ಗಂಟೆಯಲ್ಲಿ ಎಷ್ಟು ಉಳಿದೀತೆಂಬುದು ಅನುಮಾನ. ವಿಮಾನದ ಲಾಭ ದೂರ ಹೆಚ್ಚಿದಷ್ಟೂ ಹೆಚ್ಚುತ್ತದೆ, ಕಡಿಮೆಯಾದಷ್ಟೂ ಕರಗುತ್ತದೆ.

ಕೃಷಿಕ: ಮಗಳು ಎರಡು ಬಗೆಯ ಟಿಕೆಟ್ ತೋರಿಸುತ್ತಿದ್ದಾಳೆ. ಒಂದು ನೇರವಾದದ್ದು, ಇನ್ನೊಂದು ದುಬೈಯಲ್ಲಿ ಇಳಿದು ಹತ್ತುವುದು. ಯಾವುದು ಮೇಲು?

ಅಧ್ಯಾಪಕ: ಬೆಂಗಳೂರಿನಿಂದ ದುಬೈಗೆ 2,700, ಅಲ್ಲಿಂದ ಸ್ಯಾನ್ ಫ್ರಾನ್ಸಿಸ್ಕೊಗೆ 13,040; ಕೂಡಿಸಿದರೆ ನೇರ ದಾರಿಗಿಂತ 1,750 ಕಿ.ಮೀ. ಹೆಚ್ಚು. ಫ್ರಾಂಕ್‌ಫರ್ಟ್ ಮೂಲಕವಾದರೆ 7,400ಕ್ಕೆ 9,150 ಸೇರಿ 2,500ಕ್ಕೂ ಹೆಚ್ಚು. ಹಾರಾಟದ ಲೆಕ್ಕದಲ್ಲಿ ಇದು ಎರಡು ಮೂರು ಗಂಟೆಯ ಅಂತರ, ಕಾಯುವುದನ್ನು ಸೇರಿಸಿದರೆ ಆರೇಳು ಗಂಟೆಯಾದೀತು. ಭಾಷೆ ಬಾರದ ಊರಿನಲ್ಲಿ ವಿಮಾನ ಬದಲಿಸುವ ಆತಂಕ ಇರುವವರಿಗೆ ನೇರ ವಿಮಾನ ವಾಸಿ. ಆದರೆ ಹದಿನಾರು ಹದಿನೇಳು ಗಂಟೆ ಒಂದೇ ಆಸನದಲ್ಲಿ ಕುಳಿತರೆ ಕಾಲಿನ ರಕ್ತನಾಳಗಳಲ್ಲಿ ರಕ್ತ ಹೆಪ್ಪುಗಟ್ಟುವ ಅಪಾಯವಿರುವುದರಿಂದ, ಆಗಾಗ ಎದ್ದು ಓಡಾಡಲು ಆಗದವರಿಗೆ, ವೈದ್ಯರನ್ನು ಕೇಳಿ, ನಡುವೆ ಇಳಿಯುವ ಟಿಕೆಟ್ಟನ್ನೇ ಆರಿಸಿಕೊಳ್ಳುವುದು ಒಳ್ಳೆಯದು. ಮನೆಯವರ ಮಂಡಿನೋವನ್ನು ಬಿಟ್ಟು ಗಂಟೆಯನ್ನಷ್ಟೇ ಎಣಿಸುವುದು ಲೆಕ್ಕವೆನಿಸುವುದಿಲ್ಲ.

ಕೃಷಿಕ: ಮನೆಯವಳಿಗೆ ಮಂಡಿನೋವಿದ್ದರೂ ಇಳಿದು ಹತ್ತುವುದು ಬೇಡವೆಂದೇ ಹಟ. ನೇರವಾದದ್ದೇ ಇರಲಿ. ಆದರೆ ಟಿಕೆಟ್ಟಿನಲ್ಲಿ ಮಧ್ಯಾಹ್ನ ಎರಡಕ್ಕೆ ಹೊರಟು ಅದೇ ದಿನ ಸಂಜೆ ನಾಲ್ಕೂವರೆಗೆ ತಲುಪುವುದೆಂದು ಇದೆ. ಎರಡೂವರೆ ಗಂಟೆಯಲ್ಲಿ ಅಮೆರಿಕ ಬಂತೇ?

ಅಧ್ಯಾಪಕ: ಹೊರಟದ್ದು ನಮ್ಮ ಗಡಿಯಾರದಲ್ಲಿ, ತಲುಪಿದ್ದು ಅವರ ಗಡಿಯಾರದಲ್ಲಿ. ಚಳಿಗಾಲದಲ್ಲಿ ಸ್ಯಾನ್ ಫ್ರಾನ್ಸಿಸ್ಕೊ ನಮಗಿಂತ ಹದಿಮೂರೂವರೆ ಗಂಟೆ ಹಿಂದೆ, ಬೇಸಗೆಯಲ್ಲಿ ಅವರು ಗಡಿಯಾರವನ್ನು ಒಂದು ಗಂಟೆ ಮುಂದಕ್ಕೆ ತಿರುಗಿಸುವುದರಿಂದ ಹನ್ನೆರಡೂವರೆ. ಹಾರಾಟದ ಹದಿನಾರು ಗಂಟೆಯಿಂದ ಹದಿಮೂರೂವರೆಯನ್ನು ಕಳೆದರೆ ಉಳಿಯುವುದೇ ಆ ಎರಡೂವರೆ. ಬರುವಾಗ ಇದೇ ಸಾಲವನ್ನು ತೀರಿಸಬೇಕು: 2021ರ ಆ ಮೊದಲ ವಿಮಾನ ಜನವರಿ 9ರ ಶನಿವಾರ ರಾತ್ರಿ ಎಂಟೂವರೆಗೆ ಹೊರಟು ಬೆಂಗಳೂರಿಗೆ ಬಂದಿಳಿದದ್ದು 11ರ ಸೋಮವಾರ ನಸುಕಿಗೆ ಮುನ್ನ. ಹದಿನೇಳು ಗಂಟೆಯ ಪ್ರಯಾಣವಾದರೂ ಪಂಚಾಂಗದಲ್ಲಿ ಭಾನುವಾರ ಪೂರ್ತಿ ಅದರಲ್ಲೇ ಮುಗಿದುಹೋಗಿತ್ತು.

ಕೃಷಿಕ: ಹಾಗಾದರೆ ಮಗಳು ಶನಿವಾರ ರಾತ್ರಿಯ ವಿಮಾನಕ್ಕೆ ಹತ್ತಿಸಿದರೆ ಇಲ್ಲಿಂದ ಕಾರು ಕಳಿಸಬೇಕಾದದ್ದು ಯಾವ ದಿನ?

ಅಧ್ಯಾಪಕ: ಭಾನುವಾರ ರಾತ್ರಿ ಹತ್ತು ಗಂಟೆಗೆ ಹಳೇಕೋಟೆ ಬಿಡಲಿ, ಸೋಮವಾರ ಮೂರು ಗಂಟೆಯ ಹೊತ್ತಿಗೆ ದೇವನಹಳ್ಳಿಯಲ್ಲಿದ್ದರೆ ಸಾಕು. ಆ ಹೊತ್ತಿನಲ್ಲಿ ನೆಲಮಂಗಲದಲ್ಲಿ ಲಾರಿಗಳನ್ನು ಬಿಟ್ಟರೆ ದಟ್ಟಣೆ ಇರುವುದಿಲ್ಲ.

ಕೃಷಿಕ: ಡ್ರೈವರಿಗೆ ಭಾನುವಾರ ಮಧ್ಯಾಹ್ನ ಮಲಗಿಕೊಳ್ಳಲು ಹೇಳಬೇಕು, ಹಾಗಾದರೆ.